ಐರ್ಲೆಂಡಿನ ಪಾಚಿ, ಡೊಂಬಿವಲಿಯ ಕೆಮ್ಮು

ಪ್ರಶ್ನೆ: ಡಬ್ಲಿನ್‌ನಲ್ಲಿರುವ ಮಗಳು ‘ಕ್ಯಾರಗೀನ್’ ಎಂಬ ಒಣ ಪಾಚಿ ಕಳಿಸಿದ್ದಾಳೆ. ಅಲ್ಲಿನ ಹಳ್ಳಿಗಳಲ್ಲಿ ಕೆಮ್ಮಿಗೆ ಇದನ್ನೇ ಕುದಿಸಿ ಕುಡಿಯುತ್ತಾರಂತೆ. ಹಾಲಲ್ಲಿ ಕುದಿಸಿ ನಿಂಬೆ ಹಿಂಡಿದೆ, ಹಾಲು ಒಡೆಯಿತು. ಉಪ್ಪುಪ್ಪು ಬೇರೆ, ಮೀನಿನ ವಾಸನೆ. ನಾವು ಸಸ್ಯಾಹಾರಿಗಳು, ತಿನ್ನಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಧಾರಾಳವಾಗಿ. ಅದು ಅಟ್ಲಾಂಟಿಕ್ ದಂಡೆಯ ಬಂಡೆಗಳಿಗೆ ಅಂಟಿ ಬೆಳೆಯುವ ಕಡಲಪಾಚಿ, ನಮ್ಮ ಚೈನಾ ಗ್ರಾಸಿನ ದಾಯಾದಿ. ವಾಸನೆ ಮೀನಿನದಲ್ಲ, ಕಡಲಿನದು. ಹಸಿಯಾಗಿದ್ದಾಗ ಕೆನ್ನೇರಳೆ, ತೊಳೆದು ಬಿಸಿಲಿಗೆ ಹಾಕಿದಷ್ಟೂ ಬಿಳಿಚುತ್ತದೆ. ಮಾಸಲು ಬಣ್ಣ ನೋಡಿ ಕೆಟ್ಟಿದೆ ಎಂದು ಎಸೆದೀರಿ!

ಮೊದಲು ನೆನೆಸಬೇಕಿತ್ತು. ತಣ್ಣೀರಿನಲ್ಲಿ ಕಾಲು ಗಂಟೆ ಬಿಟ್ಟು ಆ ನೀರು ಚೆಲ್ಲಿ. ಉಪ್ಪು, ಮರಳು ಅದರಲ್ಲೇ ಹೋಗುತ್ತವೆ. ಕಷಾಯಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಸಾಕು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಸೌಟಿನ ಬೆನ್ನಿಗೆ ಲೋಳೆ ಹತ್ತಿದಾಗ ಬಿಸಿಯಿದ್ದಂತೆಯೇ ಸೋಸಿ. ಆರಿದರೆ ಜಾಲರಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ನಿಂಬೆ, ಜೇನು ಒಲೆಯಿಂದ ಇಳಿಸಿದ ಮೇಲೆ. ಹುಳಿ ಹಾಕಿ ಕುದಿಸಿದರೆ ಲೋಳೆ ಸತ್ತು ಬರೀ ನೀರಾಗುತ್ತದೆ. ಹಾಲಿನದು ಬೇಕೆಂದರೆ ನಿಂಬೆಯನ್ನು ಮರೆತುಬಿಡಿ: 900 ಮಿಲಿ ಹಾಲಿಗೆ 7–8 ಗ್ರಾಂ, ತಳ ಹಿಡಿಯದಂತೆ ಕೈಯಾಡಿಸುತ್ತ 20 ನಿಮಿಷ, ಸಕ್ಕರೆ, ಏಲಕ್ಕಿ. ಫ್ರಿಜ್‌ನಲ್ಲಿಟ್ಟರೆ ಪುಡಿಂಗ್. ಅಲ್ಲಿಯವರು ಮೊಟ್ಟೆಯನ್ನೂ ಸೇರಿಸುವುದುಂಟು, ನೀವು ಬಿಡಿ.

ಲೋಳೆ ಗಂಟಲಿನ ಕೆರೆತ ತಗ್ಗಿಸುತ್ತದೆ, ಅಷ್ಟೇ. ಕೆಮ್ಮಿನ ಮೂಲಕ್ಕೆ ಅದು ಮದ್ದಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆಯೇ ದಾರಿ. ಪಾಚಿಯಲ್ಲಿ ಅಯೋಡಿನ್ ಇರುವುದರಿಂದ ಥೈರಾಯ್ಡ್ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ. ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ.

ಪ್ರಶ್ನೆ: ಐರ್ಲೆಂಡಿನ ಒಂದು ಚರ್ಚ್ ಅಂಗಳದ ಮಣ್ಣು ರೋಗ ವಾಸಿಮಾಡುತ್ತದಂತೆ. ತರಿಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಅದು ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯ ಬೋಹೊ ಎಂಬಲ್ಲಿಯ ಮಣ್ಣು. ಚಿಟಿಕೆಯಷ್ಟನ್ನು ಬಟ್ಟೆಯಲ್ಲಿ ಕಟ್ಟಿ ದಿಂಬಿನಡಿ ಇಡುವುದು ಅಲ್ಲಿನ ರೂಢಿ. 2018ರಲ್ಲಿ ಸಂಶೋಧಕರು ಅದರಲ್ಲಿ ಸ್ಟ್ರೆಪ್ಟೊಮೈಸಿಸ್ ಜಾತಿಯ ಹೊಸ ಬ್ಯಾಕ್ಟೀರಿಯಾ ಪತ್ತೆಹಚ್ಚಿದ್ದು ನಿಜ. ಔಷಧಕ್ಕೆ ಜಗ್ಗದ ಕೆಲವು ರೋಗಾಣುಗಳ ಬೆಳವಣಿಗೆಯನ್ನು ಅದು ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯಿತು. ತಟ್ಟೆಗೂ ದಿಂಬಿಗೂ ಬಹಳ ದೂರ; ಮಣ್ಣನ್ನು ಗಾಯಕ್ಕೆ ಹಚ್ಚಿದರೆ ಧನುರ್ವಾಯು ತಗಲೀತು. ಸಾಲದ್ದಕ್ಕೆ, ನಾಲ್ಕು ದಿನದೊಳಗೆ ಮಣ್ಣನ್ನು ಅದೇ ಅಂಗಳಕ್ಕೆ ಮರಳಿಸಬೇಕೆಂಬುದು ಅವರದೇ ಕಟ್ಟಳೆ. ಪುಣೆಯ ಕೊರಿಯರ್‌ಗೆ ಅದು ಆಗುವ ಮಾತೇ?