ಮಡಿಕೇರಿ ಲಾಡ್ಜಿಗೆ ಸೋಲಾರೋ, ಹೀಟ್ ಪಂಪೋ?

40 ಕೋಣೆಗಳ ಲಾಡ್ಜಿಗೆ ಸೋಲಾರ್ ಹೀಟರ್ ಹಾಕಿಸಿದರೆ ಗೀಸರ್ ಕರೆಂಟು ಉಳಿದೀತೇ ಅಂತ ಕೇಳಿದ್ದೀರಿ. ಬೇಸಿಗೆಯಲ್ಲಿ ಖಂಡಿತ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಡಿಕೇರಿಯ ಬಿಸಿಲನ್ನು ಯಾರು ನಂಬುತ್ತಾರೆ ಹೇಳಿ! ನಾನಾದರೆ ಹೀಟ್ ಪಂಪ್ ಹಾಕಿಸುತ್ತೇನೆ. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಗೀಸರ್‌ಗೆ ಸುಮಾರು 4.7 ಯೂನಿಟ್ ಬೇಕು. ಗಾಳಿಯ ಶಾಖವನ್ನೇ ಎಳೆದುಕೊಳ್ಳುವ ಹೀಟ್ ಪಂಪ್‌ಗೆ ಎರಡರ ಆಸುಪಾಸು ಸಾಕು, ಚಳಿಗಾಲದ ಬೆಳಗಿನಲ್ಲಿ ತುಸು ಹೆಚ್ಚು. ಕರೆಂಟು ಇಳಿದಷ್ಟೂ ವಾತಾವರಣಕ್ಕೆ ಸೇರುವ ಇಂಗಾಲವೂ ಇಳಿಯುತ್ತದೆ. ಟ್ಯಾಂಕಿನಿಂದ ಕೋಣೆವರೆಗಿನ ಪೈಪಿಗೆ ಮಾತ್ರ ಇನ್ಸುಲೇಷನ್ ತಪ್ಪಿಸಬೇಡಿ. ಹೊದಿಕೆಯಿಲ್ಲದ ಪೈಪು ಟೆರೇಸಿನ ಮೇಲೆ ಹಾದುಹೋದರೆ ನಿಮ್ಮ ದುಡ್ಡು ಮಂಜು ಕಾಯಿಸುವುದಕ್ಕೇ ಸರಿ. ಉಳಿಸುವ ಆಸೆಗೆ ಟ್ಯಾಂಕನ್ನು 60 ಡಿಗ್ರಿಗಿಂತ ತಗ್ಗಿಸಲೂ ಹೋಗಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ಭಯವಿದೆ.