ಓದುಗರ ಪ್ರಶ್ನೆ: ತೋಟದ ಕೆರೆಯಲ್ಲಿ ಕೆನೂ ಪೋಲೊ, ಹುಷಾರು ಹೇಗೆ?

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನೀರಿನ ಮೇಲೆ 35 ಮೀಟರ್ ಉದ್ದ, 23 ಮೀಟರ್ ಅಗಲದ ಅಂಗಳ. ಒಂದೊಂದು ತಂಡದಿಂದ ಐದು ಜನ ನೀರಿನಲ್ಲಿ, ಒಬ್ಬೊಬ್ಬರಿಗೆ ಒಂದು ಗಿಡ್ಡ ಕಯಾಕ್, ಅಂದರೆ ಕಿಂಡಿಯೊಳಗೆ ಒಬ್ಬರೇ ಕೂರುವ ಸಣ್ಣ ದೋಣಿ; ನಡೆಸಲು ಪ್ಯಾಡಲ್, ಅಂದರೆ ಹುಟ್ಟು. ವಾಟರ್ ಪೋಲೊ ಚೆಂಡು. ಗೋಲಿನ ಚೌಕಟ್ಟು ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರ. ಅದು ನೀರಿನಿಂದ ಎರಡು ಮೀಟರ್ ಮೇಲೆ ತೂಗುತ್ತದೆ. ಹತ್ತು ನಿಮಿಷದ ಎರಡು ಅವಧಿ. ಚೆಂಡು ಕೈಯಲ್ಲಿರುವವರನ್ನು ಅಂಗೈಯಿಂದ ತಳ್ಳಿ ಮಗುಚುವುದಕ್ಕೆ ಇಲ್ಲಿ ನಿಯಮವೇ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ತಲೆಕೆಳಗಾಗಿ ನೀರಿನೊಳಗೆ ಇರುವುದನ್ನು ಕಲಿಯದವರು ಈ ಆಟಕ್ಕೆ ಇನ್ನೂ ತಯಾರಾಗಿಲ್ಲ ಎಂದೇ ಲೆಕ್ಕ. ಈ ಸಲದ ಉತ್ತರಗಳನ್ನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಮ್ಮ ತೋಟದಲ್ಲಿ ಮುಕ್ಕಾಲು ಎಕರೆಯ ಕೆರೆ ಇದೆ. ಊರಿನ ಹುಡುಗರು ಕೆನೂ ಪೋಲೊ ಅಭ್ಯಾಸಕ್ಕೆ ಕೇಳುತ್ತಿದ್ದಾರೆ. ಕೊಡಬಹುದೇ? ಏನೇನು ನೋಡಬೇಕು?
– ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಜಾಗ ಧಾರಾಳ ಸಾಕು. ಅಂಗಳಕ್ಕೆ ಬೇಕಾದದ್ದು ಸುಮಾರು 800 ಚದರ ಮೀಟರ್, ಅಂದರೆ ಎಂಟು ಗುಂಟೆ. ನೋಡಬೇಕಾದದ್ದು ಆಳ. ಅಂತರರಾಷ್ಟ್ರೀಯ ನಿಯಮ ಕನಿಷ್ಠ 90 ಸೆಂಟಿಮೀಟರ್ ಎನ್ನುತ್ತದೆ. ಆದರೆ ಕೂತ ಮನುಷ್ಯನ ಸೊಂಟದಿಂದ ನೆತ್ತಿಗೆ ಹೆಚ್ಚುಕಡಿಮೆ 80ರಿಂದ 90 ಸೆಂ.ಮೀ. ಇರುತ್ತದೆ. ಬಾಗದೆ ನೆಟ್ಟಗೆ ಮಗುಚಿದವನ ಹೆಲ್ಮೆಟ್ಟು ಅಷ್ಟೇ ಆಳಕ್ಕೆ ಹೋಗಿ ನೆಲ ಮುಟ್ಟುತ್ತದೆ. ಆದ್ದರಿಂದ ಕಲಿಯುವವರಿಗೆ 1.2 ಮೀಟರಿಗಿಂತ ಕಡಿಮೆ ನೀರು ಬೇಡ ಎನ್ನುವುದು ನಮ್ಮ ಸಲಹೆ. ಅಳೆಯುವಾಗ ಕೋಲು ಹೂಳಿಗೆ ಇಳಿದದ್ದನ್ನು ಆಳಕ್ಕೆ ಸೇರಿಸಬೇಡಿ. ಕೋಲಿನ ತುದಿಗೆ ಒಂದು ತಟ್ಟೆ ಕಟ್ಟಿದರೆ ಅದು ಹೂಳಿನ ಮೇಲೆಯೇ ನಿಲ್ಲುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ನೀರು ಎಳೆದ ಮೇಲೆ ಮತ್ತೆ ಅಳೆಯಿರಿ. ಜನವರಿಯಲ್ಲಿ ಸರಿಯಿದ್ದ ಕೆರೆ ಹೂಮಳೆ ಬೀಳುವ ಹೊತ್ತಿಗೆ ಮೊಣಕಾಲುದ್ದಕ್ಕೆ ಬಂದಿರಬಹುದು.

ಎರಡನೆಯದು ಪಂಪು. ಓಡುತ್ತಿರುವ ಸಕ್ಷನ್ ಪೈಪಿನ ಫುಟ್‌ವಾಲ್ವ್ ಹತ್ತಿರ ಬಟ್ಟೆ, ಹಗ್ಗ, ಕೈ ಯಾವುದು ಹೋದರೂ ಎಳೆದುಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ತೋಟಗಳಲ್ಲಿ ಆಟೋ ಸ್ಟಾರ್ಟರ್ ಇದೆ. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟಾರು ತಾನಾಗಿ ಓಡುತ್ತದೆ. ಅಭ್ಯಾಸದ ಹೊತ್ತಿಗೆ ಮೇನ್ ಫ್ಯೂಸನ್ನೇ ಕಿತ್ತು, ದಡದಲ್ಲಿರುವ ಒಬ್ಬರ ಜೇಬಿನಲ್ಲಿ ಇರಲಿ. ಸವೆದ ಕೇಬಲ್ಲು ನೀರಿಗೆ ತಾಗಿ ಶಾಕ್ ಹೊಡೆಯುವ ಅಪಾಯವೂ ಇದರಿಂದಲೇ ತಪ್ಪುತ್ತದೆ. ಪೈಪು ಇಳಿದಿರುವ ಜಾಗಕ್ಕೆ ಖಾಲಿ ಕ್ಯಾನು ಕಟ್ಟಿ ಗುರುತು ಮಾಡಿ, ಅಂಗಳ ಅದರಿಂದ ದೂರವಿರಲಿ.

ಮರಗಸಿ ಮಾಡಿದಾಗ ಬಿದ್ದ ಕೊಂಬೆ, ಹಳೆಯ ಬೇಲಿ ತಂತಿ, ಬಾಟಲಿ ಚೂರು ತೆಗೆಸಿ. ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದ ಕೊಳೆನೀರು) ಹರಿದು ಬರುವ ಕೆರೆಯಾದರೆ ಆ ತಿಂಗಳುಗಳಲ್ಲಿ ಆಟ ಬೇಡ. ಇಳಿಯುವ ಕಡೆ ಜಲ್ಲಿ ಹಾಕಿ ಮೆಟ್ಟಿಲು ಕಡಿಸಿ. ದೋಣಿ ಹೊತ್ತು ಏರಿಯಲ್ಲಿ ಜಾರಿ ಪಾದ ಉಳುಕುವುದು ತೀರಾ ಸಾಮಾನ್ಯ. ಹೂಳಿರುವ ಕೆರೆಯಲ್ಲಿ ದೋಣಿಯಿಂದ ಹೊರಬಿದ್ದವರು ನಿಲ್ಲಲು ಹೋಗಬಾರದು. ಕಾಲು ಹೂತರೆ ಎಳೆಯುವುದು ಕಷ್ಟ. ದೋಣಿ ಹಿಡಿದು ತೇಲುತ್ತಲೇ ದಡಕ್ಕೆ ಬರಲಿ.

ಇದೇ ಪ್ರಶ್ನೆಯನ್ನು ಪ್ಲಾಸ್ಟಿಕ್ ಶೀಟ್ ಹಾಸಿದ ಕೃಷಿಹೊಂಡದ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಬೇಡ. ಶೀಟಿನ ಇಳಿಜಾರು ಪಾಚಿ ಹಿಡಿದರೆ ಈಜು ಬಂದವರಿಗೂ ಹತ್ತಲಾಗುವುದಿಲ್ಲ. ಆಟಕ್ಕೆ ಕೊಡದಿದ್ದರೂ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ.

ಮಗಳಿಗೆ ಹದಿನಾಲ್ಕು. ಸೊಂಟಕ್ಕೆ ಬಿಗಿಯಾಗಿ ಸ್ಪ್ರೇ ಡೆಕ್ ಹಾಕುತ್ತಾರೆ. ಮಗುಚಿದಾಗ ಒಳಗೇ ಸಿಕ್ಕಿಕೊಂಡರೆ ಎಂದು ಭಯ.
– ಒಬ್ಬ ತಾಯಿ, ಗೋಣಿಕೊಪ್ಪ

ನಿಮ್ಮ ಭಯ ನ್ಯಾಯವಾದದ್ದೇ. ತರಬೇತುದಾರರು ಯಾವ ಕ್ರಮದಲ್ಲಿ ಕಲಿಸುತ್ತಿದ್ದಾರೆ, ಅದನ್ನು ಕೇಳಿ. ಸ್ಪ್ರೇ ಡೆಕ್ ಎಂದರೆ ಕೂರುವ ಕಿಂಡಿಗೆ ನೀರು ನುಗ್ಗದಂತೆ ಮುಚ್ಚುವ ಹೊದಿಕೆ. ಅದರ ಮುಂಭಾಗದಲ್ಲಿ ಒಂದು ಕುಣಿಕೆ ಇರುತ್ತದೆ. ಮೊದಲ ದಿನ ಡೆಕ್ ಇಲ್ಲದೆಯೇ ಮಗುಚಿ ಹೊರಬರಬೇಕು, ತರಬೇತುದಾರರು ಎದೆಮಟ್ಟದ ನೀರಿನಲ್ಲಿ ದೋಣಿಗೆ ಕೈಯಿಟ್ಟು ಪಕ್ಕದಲ್ಲೇ ನಿಂತಿರಬೇಕು. ಆಮೇಲೆ ಸಡಿಲವಾದ ನೈಲಾನ್ ಡೆಕ್. ಬಿಗಿಯಾದ ನಿಯೊಪ್ರೀನ್ ಡೆಕ್ ಕೊನೆಗೆ, ಅದೂ ದಡದಲ್ಲಿ ದೋಣಿಯೊಳಗೆ ಕೂತು ಕಣ್ಣು ಮುಚ್ಚಿ, ಒಂದೇ ಕೈಯಿಂದ ಬಿಚ್ಚಿ ತೋರಿಸಿದ ಮೇಲೆ. ಎಡಗೈಯಿಂದಲೂ ಆಗಬೇಕು. ಬಲಗೈ ಬೆರಳು ಉಳುಕಿದ ದಿನ ಅದೇ ಬೇಕಾಗುತ್ತದೆ.

ಹೊರಬರುವ ಕ್ರಮ ಹೀಗೆ. ಮಗುಚಿದ ಕೂಡಲೇ ಮುಂದಕ್ಕೆ ಬಾಗಿ, ಮುಖ ಡೆಕ್‌ಗೆ ತಾಗುವಷ್ಟು. ಹಿಂದಕ್ಕೆ ವಾಲಿದರೆ ಮುಖ, ಕುತ್ತಿಗೆ ಪೆಟ್ಟಿಗೆ ತೆರೆದಿರುತ್ತವೆ, ತೊಡೆಯೂ ಕಿಂಡಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಕೈ ಮೇಲೆತ್ತಿ ದೋಣಿಯ ತಳಕ್ಕೆ ಮೂರು ಸಲ ಬಡಿಯಬೇಕು. ದಡಕ್ಕೆ ಸುದ್ದಿ ಮುಟ್ಟುತ್ತದೆ, ಬಡಿಯುವವರ ಗಾಬರಿಯೂ ಇಳಿಯುತ್ತದೆ. ನಂತರ ಕಿಂಡಿಯ ಅಂಚು ಹಿಡಿದು ಕೈ ಮುಂದೆ ಜಾರಿಸಿದರೆ ಕುಣಿಕೆ ಸಿಗುತ್ತದೆ. ಅದನ್ನು ತನ್ನ ಕಡೆಗೇ ಎಳೆದರೆ ಅಂಚಿನ ತುಟಿ ಬಿಡುವುದಿಲ್ಲ. ಮೊದಲು ಮುಂದಕ್ಕೆ ತಳ್ಳಿ, ಆಮೇಲೆ ಹೊರಕ್ಕೆ ಕೀಳಬೇಕು. ಮೊಣಕಾಲು ಜೋಡಿಸಿ, ಸೊಂಟದ ಎರಡೂ ಬದಿ ಅಂಚಿಗೆ ಕೈಯೂರಿ ತಳ್ಳಿದರೆ ದೇಹ ಜಾರಿ ಹೊರಬರುತ್ತದೆ. ಕುಣಿಕೆ ಸಿಗಲೇ ಇಲ್ಲವೆಂದರೆ ಪಕ್ಕದಲ್ಲಿ ಡೆಕ್‌ನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅಂಚಿನಿಂದ ಕೀಳಬಹುದು.

ತಪ್ಪಾಗುವುದು ಬಹುಪಾಲು ದಡದಲ್ಲೇ: ಅವಸರದಲ್ಲಿ ಡೆಕ್ ಹಾಕುವಾಗ ಕುಣಿಕೆ ಒಳಗೆ ಮಡಚಿಕೊಂಡಿರುತ್ತದೆ. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರೂ ಪಕ್ಕದವರ ಕುಣಿಕೆ ಮುಟ್ಟಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಕುಣಿಕೆಗೆ ಕೆಂಪೋ ಹಳದಿಯೋ ಟೇಪ್ ಸುತ್ತಿ. ಮಗುಚಿದ ದೋಣಿಯಲ್ಲೇ ಕೂತು ಮತ್ತೆ ಮೇಲೇಳುವ ರೋಲ್ ಕಲಿಯುವವರೆಗೆ ಅವಳನ್ನು ಕೈಯಿಂದ ತಳ್ಳುವ ಆಟಕ್ಕೆ ಬಿಡಬೇಡಿ. ಚೆಂಡು ಎಸೆಯುವುದು, ಹಿಡಿಯುವುದು, ದೋಣಿ ತಿರುಗಿಸುವುದು, ಅಷ್ಟರಲ್ಲೇ ತಿಂಗಳುಗಟ್ಟಲೆ ಕಲಿಯಲಿಕ್ಕಿದೆ.

ಶಾಲೆಯಲ್ಲಿ ಹಾಕಿ ಗೋಲಿಯ ಹೆಲ್ಮೆಟ್, ಕ್ರಿಕೆಟ್ ಹೆಲ್ಮೆಟ್ ಎರಡೂ ಇವೆ. ಅವೇ ಸಾಲದೇ?
– ದೈಹಿಕ ಶಿಕ್ಷಣ ಶಿಕ್ಷಕರು, ವಿರಾಜಪೇಟೆ

ಕೊಡಗಿನ ಶಾಲೆಯಲ್ಲಿ ಹಾಕಿ ಹೆಲ್ಮೆಟ್ಟಿಗೆ ಬರವಿಲ್ಲ, ನಿಜ. ಆದರೂ ಸಾಲದು. ಕ್ರಿಕೆಟ್ ಹೆಲ್ಮೆಟ್ಟಿನ ಮುಂದಿನ ಚಾಚು ಮಗುಚಿದಾಗ ನೀರನ್ನು ಬಾಚಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಚಾಚಿಗೂ ಜಾಲರಿಗೂ ನಡುವೆ ಪ್ಯಾಡಲ್ ತುದಿ ತೂರುವ ಸಂದಿಯೂ ಇರುತ್ತದೆ. ಗೋಲಿಯ ಹೆಲ್ಮೆಟ್ಟಿನ ಒಳಗಿನ ಸ್ಪಂಜು ನೀರು ಕುಡಿದು ಭಾರವಾಗುತ್ತದೆ. ಬೈಕ್ ಹೆಲ್ಮೆಟ್ ಅಂತೂ ತಲೆಗೆ ಕಟ್ಟಿದ ಬಕೆಟ್ಟು. ಬೇಕಾದದ್ದು ಕಯಾಕ್ ಹೆಲ್ಮೆಟ್ (ಇಎನ್ 1385 ಗುರುತಿನದು) ಮತ್ತು ಗಟ್ಟಿ ಲೋಹದ ಫೇಸ್ ಗಾರ್ಡ್. ಗಾರ್ಡಿನ ಯಾವ ಸಂದಿಯಲ್ಲೂ 7 ಸೆಂ.ಮೀ. ವ್ಯಾಸದ ಗುಂಡು ತೂರಬಾರದು. ಕ್ರಿಕೆಟ್ ಚೆಂಡು ಅದಕ್ಕಿಂತ ಒಂದು ಕೂದಲು ದಪ್ಪ, ಹಾಗಾಗಿ ಅದರಿಂದ ಅಂದಾಜು ನೋಡಬಹುದು. ಗಲ್ಲದ ಪಟ್ಟಿ ಬಿಗಿದ ಮೇಲೆ ಹೆಲ್ಮೆಟ್ಟನ್ನು ಹಣೆಯಿಂದ ಹಿಂದಕ್ಕೆ ತಳ್ಳಿ. ಕೂದಲಿನ ಅಂಚು ಕಂಡರೆ ಸಡಿಲ.

ಉಳಿದ ಸಾಮಾನು: ಪಕ್ಕೆಲುಬು ಮುಚ್ಚುವ ಜಾಕೆಟ್, ಮೂತಿಗೂ ಹಿಂಬದಿಗೂ ಮೆತ್ತನೆಯ ಬಂಪರ್ ಇರುವ ದೋಣಿ, ತೇಲಲು ದೋಣಿಯೊಳಗೆ ಗಾಳಿಚೀಲ. ಪ್ಯಾಡಲ್ ಅಲಗಿನ ಅಂಚು 5 ಮಿಲಿಮೀಟರಿಗಿಂತ ತೆಳುವಾಗಿರಬಾರದು. ಸವೆದು ಚೂಪಾದರೆ, ಸೀಳಿದ್ದರೆ ಅದನ್ನು ಪಂದ್ಯಕ್ಕೆ ಬಿಡಬೇಡಿ. ಉಂಗುರ, ಬಳೆ, ಸರ ತೆಗೆಸಿ, ಉಗುರು ಕತ್ತರಿಸಿ. ಎರಡು ದೋಣಿಗಳ ನಡುವೆ ಉಂಗುರದ ಬೆರಳು ಸಿಕ್ಕರೆ ಗಾಯ ಕೆಟ್ಟದಾಗಿರುತ್ತದೆ.

ನಮ್ಮ ಹುಡುಗರು ದೋಣಿ ಗುದ್ದಿಸುವುದನ್ನೇ ಆಟ ಅಂದುಕೊಂಡಿದ್ದಾರೆ. ಎಷ್ಟು ಗುದ್ದಬಹುದು?
– ಯುವಕ ಸಂಘದವರು, ಕುಶಾಲನಗರ

ದೋಣಿಯಿಂದ ದೋಣಿಯನ್ನು ತಳ್ಳಬಹುದು, ಆದರೆ ಎದುರಾಳಿ ಚೆಂಡಿಗಾಗಿ ಪೈಪೋಟಿಯಲ್ಲಿರಬೇಕು, ಚೆಂಡು ಮೂರು ಮೀಟರ್ ಒಳಗಿರಬೇಕು. ಪಕ್ಕಕ್ಕೆ ಲಂಬವಾಗಿ, ಅಂದರೆ 80ರಿಂದ 100 ಡಿಗ್ರಿ ಕೋನದಲ್ಲಿ ಜೋರಾಗಿ ಗುದ್ದಿದರೆ ಫೌಲ್. ಕಾರಣ ಸರಳ: ಓರೆಯಾಗಿ ಬಂದ ದೋಣಿ ಜಾರಿ ಪಕ್ಕಕ್ಕೆ ಸರಿಯುತ್ತದೆ, ನೇರ ಬಂದದ್ದರ ಮೂತಿ ಎದುರಾಳಿಯ ದೋಣಿಯ ಮೇಲೆ ಹತ್ತಿ ಕೂತವರ ಪಕ್ಕೆಗೆ ಬಡಿಯುತ್ತದೆ. ದೋಣಿ ಯಾರ ಮೈಗಾದರೂ ತಾಗಿ ಅಪಾಯವಾದರೆ ಕೋನ ಎಷ್ಟಿದ್ದರೂ ತಪ್ಪೇ. ಕೈಯಿಂದ ತಳ್ಳುವುದಾದರೆ ಒಂದೇ ಕೈ, ಬಿಡಿಸಿದ ಅಂಗೈ. ಬೆನ್ನು, ತೋಳಿನ ಮೇಲ್ಭಾಗ ಅಥವಾ ಪಕ್ಕೆಗೆ ಮಾತ್ರ. ಚೆಂಡಿಗೆ ಕೈ ಚಾಚಿದವರ ಕೈಗೆಟುಕುವ ದೂರಕ್ಕೆ ಪ್ಯಾಡಲ್ ತರುವಂತಿಲ್ಲ. ಮುಖದ ಗಾಯ, ಬೆರಳಿನ ಗಾಯ ಈ ಒಂದು ನಿಯಮ ಮುರಿದಾಗಲೇ ಹೆಚ್ಚು.

ಅಭ್ಯಾಸದಲ್ಲಿ ಮೊದಲ ಕೆಲವು ವಾರ ಪ್ಯಾಡಲ್ಲೇ ಕೊಡಬೇಡಿ. ಅಂಗೈಯಿಂದ ನೀರು ತಳ್ಳಿ ಆಡಲಿ. ವೇಗ ತಾನಾಗಿ ಕಡಿಮೆ, ಹೊಡೆಯಲು ಕೋಲೂ ಇಲ್ಲ. ಆಮೇಲೆ ಪ್ಯಾಡಲ್ ಕೊಟ್ಟು ದೋಣಿ ತಳ್ಳುವುದನ್ನು ನಿಷೇಧಿಸಿ. ಎರಡೂ ಒಟ್ಟಿಗೆ ಕೊನೆಗೆ. ಅಭ್ಯಾಸದ ಪಂದ್ಯಕ್ಕೂ ಸೀಟಿ ಹಿಡಿದ ರೆಫರಿ ಇರಲಿ, ಹಳದಿ ಕಾರ್ಡಿಗೆ ಎರಡು ನಿಮಿಷ ಹೊರಗೆ ಕೂರಿಸಲಿ. ಅಭ್ಯಾಸದಲ್ಲಿ ಬಿಟ್ಟುಕೊಟ್ಟ ಫೌಲು ಪಂದ್ಯದಲ್ಲಿ ಕಂಡೇ ಕಾಣುತ್ತದೆ. ಭುಜದ ವಿಷಯ ಒಂದು ಮಾತು: ಮಗುಚುವಾಗ ತೋಳನ್ನು ತಲೆಗಿಂತ ಮೇಲೆ ಚಾಚಿ ಪ್ಯಾಡಲ್ ಊರಿದರೆ ಕೀಲು ತಪ್ಪುವ ಸಂಭವ ಹೆಚ್ಚು. ಮೊಣಕೈ ಮೈಗೆ ಹತ್ತಿರವಿರಲಿ. ಕೀಲು ತಪ್ಪಿದರೆ ಯಾರೂ ಎಳೆದು ಕೂರಿಸಲು ಹೋಗಬೇಡಿ, ತೋಳನ್ನು ಮೈಗೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ.

ದುಬಾರೆಯ ಹತ್ತಿರ ಕಾವೇರಿ ಹೊಳೆಯಲ್ಲೇ ಆಡಬಾರದೇಕೆ?
– ವಿದ್ಯಾರ್ಥಿ, ನಂಜರಾಯಪಟ್ಟಣ

ಹರಿಯುವ ನೀರು ಈ ಆಟಕ್ಕೆ ಅಲ್ಲ. ಬಿದಿರು ಮೆಳೆ, ಮುರಿದ ಕೊಂಬೆಗಳ ನಡುವೆ ನೀರು ಸಲೀಸಾಗಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಹರಿವು ಅವನನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ರ್‍ಯಾಫ್ಟಿಂಗ್ ಬೇರೆ, ಇದು ಬೇರೆ. ಜಲಾಶಯದ ಹಿನ್ನೀರಾದರೆ ಅನುಮತಿ ತೆಗೆದುಕೊಂಡು, ಮುಳುಗಿದ ಮರದ ಬುಡಗಳಿಲ್ಲವೆಂದು ಖಚಿತಪಡಿಸಿಕೊಂಡು ಯೋಚಿಸಬಹುದು.

ತಲೆಗೆ ಪೆಟ್ಟಾದರೂ 'ಏನಾಗಿಲ್ಲ' ಎಂದು ಮತ್ತೆ ಇಳಿಯುತ್ತಾರೆ. ಬಿಡಬಹುದೇ?
– ತಂಡದ ಮ್ಯಾನೇಜರ್, ಸೋಮವಾರಪೇಟೆ

ಅದೇ ದಿನ ಬಿಡಬಾರದು. ಗಲಿಬಿಲಿ, ತಲೆಸುತ್ತು, ವಾಂತಿ, ಮಬ್ಬು ನೋಟ, ನಡಿಗೆ ತಪ್ಪುವುದು, ಸ್ಕೋರ್ ಎಷ್ಟೆಂದು ನೆನಪಾಗದಿರುವುದು – ಒಂದೇ ಒಂದು ಕಂಡರೂ ಹೊರಗೆ. ಪ್ರಜ್ಞೆ ತಪ್ಪಿಲ್ಲ ಎಂಬುದು ಸಮಾಧಾನಪಡುವ ಮಾತಲ್ಲ. ಬೇರೆ ಆಟದಲ್ಲಿ ತಲೆ ಗಿರ್ರೆಂದವನು ನೆಲಕ್ಕೆ ಕೂರುತ್ತಾನೆ. ಇಲ್ಲಿ ಅವನು ತಲೆಕೆಳಗಾಗಿ ನೀರಿನೊಳಗೆ ಕುಣಿಕೆ ಹುಡುಕಬೇಕು. ತಲೆನೋವು ಹೆಚ್ಚುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಕುತ್ತಿಗೆ ನೋವು ಅಥವಾ ಕೈಕಾಲು ಜೋಮು ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಒಂದೆರಡು ದಿನ ವಿಶ್ರಾಂತಿ, ನಂತರ ನಡಿಗೆ, ನಂತರ ಒಬ್ಬರೇ ಪ್ಯಾಡಲಿಂಗ್, ನಂತರ ಚೆಂಡಿನ ಅಭ್ಯಾಸ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತಳ್ಳಾಟಕ್ಕೆ ಮರಳುವುದು ವೈದ್ಯರು ಒಪ್ಪಿದ ಮೇಲೆ.

ದಡದಲ್ಲಿ ಎಷ್ಟು ಜನ, ಏನೇನು ಇರಬೇಕು? ಗುಡುಗು ಬಂದರೆ?
– ಪಂದ್ಯದ ಆಯೋಜಕರು, ಮಡಿಕೇರಿ

ಹೊಸಬರಾದರೆ ಆರು ಜನರಿಗೆ ಒಬ್ಬ ತರಬೇತುದಾರ. ಅವರಲ್ಲದೆ ಆಡದೆ, ಮೊಬೈಲ್ ನೋಡದೆ ನೀರನ್ನೇ ನೋಡುವ ಒಬ್ಬರು ದಡದಲ್ಲಿ. ಎಸೆಯುವ ಹಗ್ಗದ ಚೀಲ 15ರಿಂದ 20 ಮೀಟರಿನದು, ಎರಡು ಬೇಕು. ಅಂಗಳದ ಅಗಲವೇ 23 ಮೀಟರ್, ಒಂದೇ ಬದಿಯಿಂದ ಎಲ್ಲ ಕಡೆ ಮುಟ್ಟುವುದಿಲ್ಲ. ನೀರಿನಲ್ಲೇ ಸಿದ್ಧವಾಗಿ ಒಂದು ರಕ್ಷಣಾ ದೋಣಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಣ ಕಂಬಳಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿ. ತೋಟದ ತಗ್ಗಿನಲ್ಲಿ ಸಿಗದಿದ್ದರೆ ಏರಿ ಹತ್ತಿ ಕರೆ ಮಾಡುವವರು ಯಾರು, ಗೇಟಿನಲ್ಲಿ ಆ್ಯಂಬುಲೆನ್ಸಿಗೆ ದಾರಿ ತೋರಿಸುವವರು ಯಾರು ಎಂದು ಹೆಸರು ಹೇಳಿ ಗೊತ್ತುಮಾಡಿ.

ಮುಳುಗಿದವರು ಉಸಿರಾಡುತ್ತಿಲ್ಲವೆಂದರೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊತ್ತೂ ಹಾಳು. ತರಬೇತಿ ಪಡೆದವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಲಿ. ನಂತರ ಎದೆಯ ನಡುವೆ 30 ಸಲ ಒತ್ತಿ 2 ಉಸಿರು. ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಆ್ಯಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಎಲ್ಲರೂ ನೀರಿನಿಂದ ಹೊರಗೆ, ಕಟ್ಟಡದೊಳಗೆ ಅಥವಾ ಜೀಪಿನೊಳಗೆ. ಸಿಲ್ವರ್ ಓಕ್ ಬುಡದಲ್ಲಿ ನಿಲ್ಲಬೇಡಿ. ಕೊನೆಯ ಗುಡುಗಿನ ಅರ್ಧ ಗಂಟೆಯ ನಂತರವೇ ಮತ್ತೆ ಆಟ.

ಕೆರೆಯ ನೀರಿನಿಂದ ಇಲಿಜ್ವರ ಬರುತ್ತದೆಯೇ?
– ಓದುಗರು, ನಾಪೋಕ್ಲು

ಬರಬಹುದು. ಗೀರುಗಾಯಕ್ಕೆ ನೀರು ತೂರದ ಪಟ್ಟಿ ಹಾಕಿ, ಆಟದ ನಂತರ ಸೋಪಿನಿಂದ ತೊಳೆಯಿರಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಕೆರೆಗೆ ಇಳಿದಿದ್ದನ್ನು ನೀವಾಗಿಯೇ ಹೇಳಿ.

ಗೋಲು ತೂಗಿಸಲು ಸ್ಪ್ರಿಂಕ್ಲರಿನ ಹಳೆಯ ಅಲ್ಯೂಮಿನಿಯಂ ಪೈಪು ಬಳಸಬಹುದೇ?
– ಓದುಗರು, ಮೂರ್ನಾಡು

ಹಗುರ, ತುಕ್ಕು ಹಿಡಿಯುವುದಿಲ್ಲ, ಬಳಸಬಹುದು. ಆದರೆ ನಿಲ್ಲಿಸುವಾಗ ತಲೆಯೆತ್ತಿ ನೋಡಿ. ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆರು ಮೀಟರಿನ ಪೈಪು ಅದಕ್ಕಿಂತ ಕಡಿಮೆಯೇನಲ್ಲ. ತಂತಿ ಹಾದುಹೋಗುವ ಕಡೆ ಅಂಗಳವೇ ಬೇಡ. ಕಂಬವನ್ನು ಗೋಲಿನ ಗೆರೆಯ ಹಿಂದೆ ನಿಲ್ಲಿಸಿ ಚೌಕಟ್ಟು ಮುಂದಕ್ಕೆ ಚಾಚುವಂತೆ ಕಟ್ಟಿದರೆ ಯಾರೂ ಕಂಬಕ್ಕೆ ಗುದ್ದುವುದಿಲ್ಲ. ಪೈಪಿನ ತುದಿಗೆ ಕ್ಯಾಪ್ ಹಾಕಿ. ಚೌಕಟ್ಟನ್ನು ಎರಡು ಬೇರೆ ಬೇರೆ ಹಗ್ಗದಿಂದ ಕಟ್ಟಿ, ಒಂದು ಸವೆದು ಹೋದರೂ ಅದು ಗೋಲಿಯ ತಲೆ ಮೇಲೆ ಬೀಳಬಾರದು.