ಒಂದೇ ವರ್ಷದ ಎಂಎಸ್ಸಿ: ರ‍್ಯಾಂಕ್ ಪಟ್ಟಿಗಿಂತ ಮೊದಲು ನೋಡಬೇಕಾದ್ದು

ಪ್ರಶ್ನೆ: ಮಗ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾನೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿ ಮಾಡುವ ಆಸೆ. ಏಜೆಂಟರು ಐದು ಯೂನಿವರ್ಸಿಟಿಗಳ ಹೆಸರು ಕೊಟ್ಟು, ರ‍್ಯಾಂಕ್ ಮುಂದಿರುವುದಕ್ಕೆ ಬೇಗ ಡೆಪಾಸಿಟ್ ಕಟ್ಟಿ ಎನ್ನುತ್ತಿದ್ದಾರೆ. ಹೇಗೆ ಆರಿಸುವುದು? ಹಣದಲ್ಲಿ ಅರ್ಧ ನನ್ನ ಅಣ್ಣನ ಖಾತೆಯಲ್ಲಿದೆ.
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಡೆಪಾಸಿಟ್ (ಸೀಟು ಕಾಯ್ದಿರಿಸುವ ಮುಂಗಡ ಹಣ) ಈಗಲೇ ಕಟ್ಟಬೇಡಿ. ಏಜೆಂಟರಿಗೆ ಕಮಿಷನ್ ಬರುವುದು ಯೂನಿವರ್ಸಿಟಿಗಳಿಂದ. ಹಾಗಾಗಿ ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಪ್ಪಂದವಿರುವ ಸಂಸ್ಥೆಗಳೇ ಇರುತ್ತವೆ. ಅದು ಮೋಸವೇನಲ್ಲ, ಆದರೆ ಪಟ್ಟಿ ಪೂರ್ತಿಯಲ್ಲ ಎಂಬುದು ನಿಮಗೆ ಗೊತ್ತಿರಬೇಕು.

ಒಟ್ಟಾರೆ ರ‍್ಯಾಂಕ್ ಹೆಚ್ಚಾಗಿ ಸಂಶೋಧನಾ ಲೇಖನಗಳು ಮತ್ತು ಪ್ರಾಧ್ಯಾಪಕ ವಲಯದಲ್ಲಿರುವ ಹೆಸರಿನ ಲೆಕ್ಕ. ಹಾರ್ಪರ್ ಆಡಮ್ಸ್‌ನಂಥ ಕೃಷಿಗೇ ಮೀಸಲಾದ ಸಂಸ್ಥೆಯ ಬೆಲೆ ಅಂಥ ಪಟ್ಟಿಯಲ್ಲಿ ತಿಳಿಯುವುದಿಲ್ಲ. ಒಂದು ವರ್ಷದ ಓದಿನಲ್ಲಿ ನೋಡಬೇಕಾದ್ದು ಕೋರ್ಸಿನ ಒಳಗಿರುವುದನ್ನು. ಬ್ರಿಟನ್ನಿನ ಎಂಎಸ್ಸಿ ಎಂದರೆ 180 ಕ್ರೆಡಿಟ್ (ಕ್ರೆಡಿಟ್ ಎಂದರೆ ಓದಿನ ಪ್ರಮಾಣದ ಅಳತೆ). ಸೆಪ್ಟೆಂಬರ್ ಕೊನೆಗೆ ಶುರುವಾಗಿ ಮೇ ಹೊತ್ತಿಗೆ ಪಾಠ, ಪರೀಕ್ಷೆ ಮುಗಿಯುತ್ತವೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್‌ನ ಡಿಸರ್ಟೇಷನ್, ಅಂದರೆ ಸಂಶೋಧನಾ ಪ್ರಬಂಧ. ಕ್ರಾನ್‌ಫೀಲ್ಡ್ ಯೂನಿವರ್ಸಿಟಿಯಲ್ಲಿ ಹಂಚಿಕೆ ಬೇರೆ: ಪಾಠಕ್ಕೆ 40%, ಗುಂಪು ಪ್ರಾಜೆಕ್ಟಿಗೆ 20%, ಸ್ವಂತ ಥೀಸಿಸ್‌ಗೆ 40%. ಕೆಲಸ ಮಾಡುತ್ತಲೇ ಕಲಿಯುವ ಹುಡುಗನಿಗೆ ಇದು ಒಳ್ಳೆಯದು, ಪರೀಕ್ಷೆ ಬರೆದೇ ಅಭ್ಯಾಸವಾದವನಿಗೆ ಮೊದಮೊದಲು ಕಷ್ಟ.

ಇನ್ನೊಂದು ಮಾತು, ಏಜೆಂಟರು ಸಾಮಾನ್ಯವಾಗಿ ಹೇಳದ್ದು: ಅಲ್ಲಿ ಕಾಫಿಯೂ ಇಲ್ಲ, ಕಾಳುಮೆಣಸೂ ಇಲ್ಲ. ‘ಹಾರ್ಟಿಕಲ್ಚರ್’ ಎಂಬ ಹೆಸರಿನ ಕೋರ್ಸಿನಲ್ಲಿ ಸಿಗುವುದು ಹೆಚ್ಚಾಗಿ ಸೇಬು, ಸ್ಟ್ರಾಬೆರಿ, ಗಾಜಿನ ಮನೆಯ ತರಕಾರಿ. ಮಗ ಮರಳಿ ತೋಟಕ್ಕೋ ಕಾಫಿ ಉದ್ಯಮಕ್ಕೋ ಬರುವುದಾದರೆ ಮಣ್ಣು, ಸಸ್ಯರೋಗ, ಕೊಯ್ಲೋತ್ತರ ತಂತ್ರಜ್ಞಾನ, ಆಹಾರ ಗುಣಮಟ್ಟ ಇಂಥ ವಿಷಯ ಹಿಡಿಯಲಿ. ಅದು ಯಾವ ಬೆಳೆಗಾದರೂ ಆಗುತ್ತದೆ. ತೋಟದ ಬೆಳೆಗೆ ಸ್ವಲ್ಪ ಹತ್ತಿರದ್ದೇ ಬೇಕೆಂದರೆ ರೆಡಿಂಗ್ ಯೂನಿವರ್ಸಿಟಿಯನ್ನು ನೋಡಿ, ದೇಶದಿಂದ ದೇಶಕ್ಕೆ ಹೋಗುವ ಕೋಕೋ ಗಿಡಗಳಲ್ಲಿ ರೋಗವಿದೆಯೇ ಎಂದು ಪ್ರತ್ಯೇಕವಾಗಿಟ್ಟು ನೋಡುವ ಅಂತರರಾಷ್ಟ್ರೀಯ ಕೋಕೋ ಕ್ವಾರಂಟೈನ್ ಕೇಂದ್ರ ಅಲ್ಲಿದೆ. ಮುಂದೆ ಪಿಎಚ್‌ಡಿ, ಕೃಷಿ ವಿಶ್ವವಿದ್ಯಾಲಯದಲ್ಲಿ ಬೋಧನೆ ಎಂಬ ಯೋಚನೆಯಿದ್ದರೆ ನಮ್ಮ ಸಲಹೆ ಎರಡು ವರ್ಷದ ಕೋರ್ಸೇ. ನೆದರ್‌ಲೆಂಡ್ಸ್‌ನ ವಾಗನಿಂಗನ್ ಅಂಥದ್ದು.

ಪಟ್ಟಿ ಮೂರಕ್ಕೆ ಇಳಿದ ಮೇಲೆ ಪ್ರತಿ ಕೋರ್ಸಿನ ನಿರ್ದೇಶಕರಿಗೆ ಮಗನೇ ಇಮೇಲ್ ಬರೆಯಲಿ, ಏಜೆಂಟರ ಮೂಲಕ ಬೇಡ. ಕಳೆದ ವರ್ಷ ಐಚ್ಛಿಕ ಮಾಡ್ಯೂಲ್‌ಗಳಲ್ಲಿ (ಆರಿಸಿಕೊಳ್ಳುವ ಪಾಠಗಳಲ್ಲಿ) ನಿಜಕ್ಕೂ ನಡೆದದ್ದು ಯಾವುವು? ವಿದ್ಯಾರ್ಥಿಗಳು ಕಡಿಮೆಯಾದರೆ ವೆಬ್‌ಸೈಟಿನಲ್ಲಿದ್ದ ಮಾಡ್ಯೂಲ್ ರದ್ದಾಗುವುದುಂಟು. ಡಿಸರ್ಟೇಷನ್ ಕಂಪನಿಯೊಂದಿಗೆ ಮಾಡಲು ಅವಕಾಶವಿದೆಯೇ, ಆ ಕಂಪನಿಯನ್ನು ಯಾರು ಹುಡುಕಬೇಕು? ಉತ್ತರ ಬರುವ ರೀತಿಯಲ್ಲೇ ವಿಭಾಗದ ಅಂದಾಜು ಸಿಗುತ್ತದೆ.

ಕೆಲಸದ ವಿಷಯ. ಅಲ್ಲಿನ ದೊಡ್ಡ ಕಂಪನಿಗಳ ಗ್ರಾಜುಯೇಟ್ ನೇಮಕಾತಿ ಬಹುಪಾಲು ಸೆಪ್ಟೆಂಬರ್–ನವೆಂಬರ್‌ನಲ್ಲೇ ತೆರೆಯುತ್ತದೆ, ಅಂದರೆ ಹುಡುಗ ಬ್ಯಾಗ್ ಬಿಚ್ಚುವ ಹೊತ್ತಿಗೆ. ಸಿವಿ ಇಲ್ಲಿಂದಲೇ ತಯಾರಾಗಿರಬೇಕು. ಓದಿನ ನಂತರ ಉಳಿಯುವ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ.

ಇನ್ನು ಹಣ. ವೀಸಾಕ್ಕೆ ಅಣ್ಣನವರ ಖಾತೆಯ ಹಣ ಲೆಕ್ಕಕ್ಕೆ ಬರುವುದಿಲ್ಲ. ಖಾತೆ ವಿದ್ಯಾರ್ಥಿಯದ್ದೋ ತಂದೆತಾಯಿಯದ್ದೋ ಕಾನೂನುಬದ್ಧ ಪೋಷಕರದ್ದೋ ಆಗಿರಬೇಕು. 2025ರ ನವೆಂಬರ್ 11ರಿಂದ ಜೀವನ ವೆಚ್ಚಕ್ಕೆ ತೋರಿಸಬೇಕಾದ್ದು ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ 10,539, ಲಂಡನ್ನಿನಲ್ಲಿ 13,761. ಇದರ ಮೇಲೆ ಬಾಕಿ ಫೀಸು. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನ ಇಳಿದರೂ ಎಣಿಕೆ ಮತ್ತೆ ಮೊದಲಿಂದ. ಆ 28 ದಿನ ಮುಗಿದು 31 ದಿನದೊಳಗೆ ಅರ್ಜಿ ಹೋಗಬೇಕು. ಕಾಫಿ ಮಾರಿದ ದುಡ್ಡು ಮಾರ್ಚ್–ಏಪ್ರಿಲ್‌ಗೆ ಕೈಸೇರಿದರೆ ಮೇ ತಿಂಗಳಲ್ಲೇ ನಿಮ್ಮ ಖಾತೆಗೆ ಹಾಕಿ, ಗೊಬ್ಬರ, ಆಳಿನ ಖರ್ಚಿಗೆ ಬೇರೆ ಖಾತೆ ಬಳಸಿ. ನಿಮ್ಮ ಖಾತೆಯ ಹಣ ತೋರಿಸಲು ಮಗನ ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಬೇಕು. ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಸಮೇತ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿ. ವೀಸಾ ತಿರಸ್ಕೃತವಾದರೆ ಡೆಪಾಸಿಟ್ ಎಷ್ಟು ವಾಪಸ್ ಎಂಬುದನ್ನು ಅದನ್ನು ಕಟ್ಟುವ ಮುನ್ನವೇ ಯೂನಿವರ್ಸಿಟಿಯ ನಿಯಮದಲ್ಲೇ ಓದಿ.

ಪ್ರಶ್ನೆ: ಮಗಳ ಓದಿಗೆ 25 ಲಕ್ಷ ಸಾಲ ಬೇಕು. ನಾಲ್ಕು ಎಕರೆ ತೋಟ ಅಡವಿಟ್ಟರೆ ಬ್ಯಾಂಕ್ ಕೊಡುತ್ತದೆಯೇ?
– ಸಕಲೇಶಪುರದಿಂದ ಒಬ್ಬ ತಾಯಿ

ಉತ್ತರ: ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನು ಒಪ್ಪುವುದಿಲ್ಲ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದಿರುವುದು ಕಾರಣ. ಕಾಫಿ ತೋಟ ಆ ಕಾಯ್ದೆಯಡಿ ಬರುತ್ತದೆಯೇ ಎಂಬುದೇ ಬೆಳೆಗಾರರಿಗೂ ಬ್ಯಾಂಕುಗಳಿಗೂ ತಕರಾರು. ಮನೆ ಅಥವಾ ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆದ ಸೈಟು ತೋರಿಸಿ. ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಫಾರಂ 9 ಮತ್ತು 11ಎ ಬೇಕಾಗುತ್ತದೆ. ಅಧಿಕೃತವಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ಇದ್ದರೆ ಮೊದಲೇ ಮ್ಯಾನೇಜರನ್ನು ಕೇಳಿ. ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲಕ್ಕೂ ವಾರಗಟ್ಟಲೆ ಹಿಡಿಯುವುದರಿಂದ ಆಫರ್ ಲೆಟರ್ ಬರುವ ತನಕ ಕಾಯದೆ ದಾಖಲೆ ಕೂಡಿಸಲು ಶುರುಮಾಡಿ.